ಬಣ್ಣಕ್ಕೆ ಮೂರೇ ಅಂಕ

ಮೇಜಿನ ಮೇಲೆ ಒಂದು ಪಾರದರ್ಶಕ ಲೋಟ. ಅದರಲ್ಲಿ ನಾಲ್ಕೈದು ಗುಟುಕಿನಷ್ಟು ಕೆಂಪು ಬಿಯರ್. ಪಕ್ಕದಲ್ಲಿ ಒಂದು ಪೆನ್ಸಿಲು, ಒಂದು ಹಾಳೆ, ಕುಡಿಯುವ ನೀರು, ಸಪ್ಪೆ ಬ್ರೆಡ್ಡಿನ ಒಂದೆರಡು ಚೂರು. ಲೋಟಕ್ಕೆ ಹೆಸರಿಲ್ಲ, ಬರಿಯ ನಂಬರು. ತಯಾರಿಸಿದವರು ಯಾರು, ಯಾವ ಊರಿನವರು, ಹೊಸಬರೋ ಹಳಬರೋ ಎಂಬುದೊಂದೂ ಎದುರಿಗೆ ಕುಳಿತ ತೀರ್ಪುಗಾರರಿಗೆ ತಿಳಿಯದು. ತಿಳಿದಿರುವುದು ಇಷ್ಟೇ: ಈ ಬಿಯರು ‘ಐರಿಷ್ ರೆಡ್ ಏಲ್’ ಎಂಬ ವರ್ಗದಲ್ಲಿ ಸ್ಪರ್ಧೆಗೆ ಬಂದಿದೆ.

ಹಾಳೆಯ ಮೇಲಿನ ಲೆಕ್ಕ ನೋಡಿದರೆ ಯಾರಿಗಾದರೂ ಸೋಜಿಗವಾದೀತು. ಒಟ್ಟು ಅಂಕ 50. ರುಚಿಗೆ 20, ಪರಿಮಳಕ್ಕೆ 12, ಒಟ್ಟಾರೆ ಅನಿಸಿಕೆಗೆ 10, ಬಾಯಲ್ಲಿ ಹೇಗೆ ಕೂರುತ್ತದೆ ಎಂಬುದಕ್ಕೆ 5. ಉಳಿದ 3 ಅಂಕ ನೋಟಕ್ಕೆ. ಆ ಮೂರನ್ನೂ ಬಣ್ಣ, ತಿಳಿ, ನೊರೆ ಹಂಚಿಕೊಳ್ಳಬೇಕು. ಹೆಸರಿನಲ್ಲೇ ‘ಕೆಂಪು’ ಎಂದು ಸಾರಿಕೊಂಡು ಬಂದ ಪಾನೀಯದ ಕೆಂಪಿಗೆ ದಕ್ಕುವುದು ಐವತ್ತರಲ್ಲಿ ಹೆಚ್ಚೆಂದರೆ ಒಂದು ಅಂಕ!

ಈ ಅಂಕಪಟ್ಟಿ ಅಮೆರಿಕದ ‘ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ’ನದು. 1985ರಲ್ಲಿ ಶುರುವಾದ ಈ ಸಂಸ್ಥೆ ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುತ್ತದೆ. ತೊಂಬತ್ತು ನಿಮಿಷದಲ್ಲಿ ಆರು ಬಿಯರುಗಳನ್ನು ಮೂಸಿ, ಸವಿದು, ಪ್ರತಿಯೊಂದಕ್ಕೂ ಹಾಳೆ ತುಂಬ ಬರೆಯಬೇಕು. ‘ಚೆನ್ನಾಗಿದೆ’ ಎಂದು ಬರೆದು ಎದ್ದು ಬರುವವರಿಗೆ ಅಲ್ಲಿ ಜಾಗವಿಲ್ಲ. ಕುಡಿಯುವುದಕ್ಕೂ ಪರೀಕ್ಷೆಯೇ ಎಂದು ಮೂಗು ಮುರಿಯುವವರು ಕಾಫಿ ಮಂಡಳಿಯ ರುಚಿ ಪರೀಕ್ಷಕರನ್ನು ಒಮ್ಮೆ ನೆನೆಸಿಕೊಳ್ಳಬಹುದು. ಚಿಕ್ಕಮಗಳೂರಿನ ಬೀಜದ ಬೆಲೆಯನ್ನೂ ಕೊನೆಗೆ ಹೇಳುವುದು ಯಾರದೋ ನಾಲಿಗೆಯೇ.

ಕೆಂಪು ಬಣ್ಣ ಬರುವುದಾದರೂ ಎಲ್ಲಿಂದ? ಬಿಯರಿನ ಮೂಲ ಮಾಲ್ಟ್. ಕನ್ನಡಿಗರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಮಗುವಿಗೆ ಕುಡಿಸುವ ರಾಗಿ ಮಾಲ್ಟ್ ಆಯಿತು. ರಾಗಿಯ ಜಾಗದಲ್ಲಿ ಬಾರ್ಲಿ ಇಟ್ಟರೆ ಬಿಯರಿನ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲು ಮತ್ತು ಗ್ಯಾಸು ಮಾಡುತ್ತದೆ. ಯೀಸ್ಟಿನಲ್ಲಿ ಎರಡು ಪಂಗಡ. ಸುಮಾರು 15ರಿಂದ 22 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ಹವೆಯಲ್ಲಿ ಚುರುಕಾಗಿ ಹುದುಗಿಸುವುದು ಏಲ್ ಯೀಸ್ಟ್. ಹತ್ತು ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಕೆಲಸ ಮಾಡುವುದು ಲಾಗರ್ ಯೀಸ್ಟ್. ಅಂಗಡಿಯ ಬಾಟಲಿಗಳಲ್ಲಿ ಸಿಗುವ ಹಳದಿ ಬಿಯರು ಬಹುಪಾಲು ಲಾಗರ್.

ಕೆಂಪು ಏಲಿನ ಗುಟ್ಟು ಹುರಿಯುವುದರಲ್ಲಿದೆ. ಮೊಳಕೆ ಬರಿಸದ ಬಾರ್ಲಿಯನ್ನು ಕಾಫಿ ಬೀಜದಂತೆ ಕಪ್ಪಗಾಗುವವರೆಗೆ ಹುರಿದು, ನೂರು ಕಿಲೋ ಧಾನ್ಯಕ್ಕೆ ಎರಡು ಮೂರು ಕಿಲೋ ಬೆರೆಸುತ್ತಾರೆ. ಅದೇ ಹತ್ತು ಕಿಲೋ ಆಯಿತೋ, ಲೋಟದಲ್ಲಿರುವುದು ಕಪ್ಪು ಸ್ಟೌಟ್. ಎರಡು ಮೂರರ ಅಳತೆಯಲ್ಲಿ ಆ ಕಪ್ಪು ತೆಳುವಾಗಿ, ಬೆಳಕಿಗೆ ಹಿಡಿದಾಗ ದಾಳಿಂಬೆಯ ಛಾಯೆ ಹೊಳೆಯುತ್ತದೆ. ಇದಕ್ಕೆಂದೇ ತೀರ್ಪುಗಾರರ ಜೇಬಿನಲ್ಲಿ ಒಂದು ಪುಟ್ಟ ಟಾರ್ಚ್ ಇರುತ್ತದೆ. ಸಭಾಂಗಣದ ದೀಪವನ್ನು ನಂಬಿದರೆ ಕೆಂಪೂ ಕಂದು, ಕಂದೂ ಕೆಂಪು.

ಬಣ್ಣವನ್ನು ಅಳೆಯುವ ತಲೆಬಿಸಿ ಹಳೆಯದೇ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಬಿಯರ್ ತಯಾರಿಸುತ್ತಿದ್ದ ಜೋಸೆಫ್ ಲೋವಿಬಾಂಡ್ 1880ರ ದಶಕದಲ್ಲಿ ಬಣ್ಣಬಣ್ಣದ ಗಾಜಿನ ಬಿಲ್ಲೆಗಳ ಒಂದು ಸಾಲನ್ನೇ ಮಾಡಿ, ಬಿಯರಿನ ಬಣ್ಣವನ್ನು ಅವುಗಳೊಂದಿಗೆ ಹೋಲಿಸಿ ಅಂಕೆ ಕೊಡುವ ಉಪಕರಣ ಕಟ್ಟಿದರು. ಮಾಲ್ಟಿನ ಬಣ್ಣಕ್ಕೆ ಇಂದಿಗೂ ಅವರ ಹೆಸರಿನ ಡಿಗ್ರಿಯೇ ಇದೆ. ಅದರ ಮುಂದಿನ ಪೀಳಿಗೆಯ ಅಳತೆಯಲ್ಲಿ ತೆಳು ಲಾಗರ್ 2ರಿಂದ 4, ಸ್ಟೌಟ್ 30ರ ಮೇಲೆ, ಐರಿಷ್ ರೆಡ್ ಏಲ್ 9ರಿಂದ 14.

ಹೀಗೆ ಅಂಕೆ ಸಿಗುವ ಬಣ್ಣಕ್ಕೆ ಅಂಕ ಮಾತ್ರ ಯಾಕೆ ಇಷ್ಟು ಕಡಿಮೆ? ಕಣ್ಣು ನಾಲಿಗೆಗೆ ಸುಳ್ಳು ಹೇಳುತ್ತದೆ ಎಂಬುದೇ ಕಾರಣ ಎನ್ನಬಹುದು. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಪ್ರಯೋಗವೊಂದು ಈಗ ಪ್ರಸಿದ್ಧ. ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನನ್ನೇ ವಾಸನೆಯಿಲ್ಲದ ಬಣ್ಣ ಬೆರೆಸಿ ಕೆಂಪು ಮಾಡಿ ಕೊಟ್ಟರು. ಅದನ್ನು ವರ್ಣಿಸಲು ಅವರು ಬಳಸಿದ್ದು ಕೆಂಪು ವೈನಿಗೆ ಸಲ್ಲುವ ಮಾತುಗಳನ್ನೇ! ಮೂಗು ಕೆಟ್ಟಿರಲಿಲ್ಲ, ಪಾಪ. ಕಣ್ಣು ಮೊದಲೇ ಕಿವಿಯೂದಿತ್ತು. ಕೆಂಪು ಬಿಯರ್ ಎದುರಿಟ್ಟುಕೊಂಡವರಿಗೂ ಇದೇ ಅಪಾಯ. ಬಣ್ಣ ಕಂಡೊಡನೆ ಬೆಲ್ಲದ ಪಾಕದ ಸಿಹಿ ಬಾಯಿಗೆ ಬಂದುಬಿಡುತ್ತದೆ, ಲೋಟದಲ್ಲಿ ಅದು ಇರಲಿ ಬಿಡಲಿ.

ಆದ್ದರಿಂದ ಅನುಭವಿ ತೀರ್ಪುಗಾರರು ಲೋಟ ಬಂದೊಡನೆ ನೋಡುತ್ತ ಕೂರುವುದಿಲ್ಲ, ಮೂಸುತ್ತಾರೆ. ಅವಸರಕ್ಕೆ ಇನ್ನೊಂದು ಕಾರಣವೂ ಉಂಟು. ಕೆಲವು ವಾಸನೆಗಳು ಗಂಧಕದ ಹೊಗೆಯಂತೆ ಒಂದೆರಡು ನಿಮಿಷದಲ್ಲಿ ಹಾರಿಹೋಗುತ್ತವೆ. ಮೂಗಿಗೂ ಬೇಗ ಬೇಸರ. ಅದದೇ ವಾಸನೆಗೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಆಗ ತೀರ್ಪುಗಾರರು ತಮ್ಮದೇ ಅಂಗಿಯ ತೋಳನ್ನು ಮೂಸಿಕೊಳ್ಳುವುದುಂಟು. ದೂರದಿಂದ ನೋಡಿದವರಿಗೆ ವಿಚಿತ್ರವಾಗಿ ಕಂಡರೂ ಮೂಗನ್ನು ಮತ್ತೆ ಶೂನ್ಯಕ್ಕೆ ತರಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಅಂದು ಸೆಂಟು ಹಾಕಿಕೊಂಡು ಬಂದವರು ಮೇಜಿನ ಉಳಿದವರ ಶಾಪಕ್ಕೆ ಗುರಿ.

ಒಳ್ಳೆಯ ಕೆಂಪು ಏಲಿನ ವಾಸನೆ ಜೋರಾಗಿರುವುದಿಲ್ಲ. ಹುರಿಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಾಗ ಬರುವಂಥ ಹುರಿದ ಕಾಳಿನ ಘಮ, ಕೆಂಪಗೆ ಸುಟ್ಟ ಬ್ರೆಡ್ಡು, ಹಿಂದೆಲ್ಲೋ ಬೆಲ್ಲದ ಪಾಕ. ಹಾಪ್ಸ್ ಹೂವಿನ ಸುಳಿವು ಇದ್ದರೂ ಇಲ್ಲದಿದ್ದರೂ ಸರಿಯೇ. ಬಾಯಿಗೆ ಬಿಟ್ಟರೆ ಮೊದಲು ಮೆಲ್ಲನೆಯ ಸಿಹಿ, ನಡುವೆ ಹದವಾದ ಕಹಿ, ಕೊನೆಗೆ ಹುರಿದ ಬಾರ್ಲಿಯಿಂದ ಬರುವ ಒಣ ಮುಕ್ತಾಯ. ಈ ಕೊನೆಯದೇ ಜೀವಾಳ. ಸಿಹಿ ನಾಲಿಗೆಗೆ ಅಂಟಿಕೊಳ್ಳದಂತೆ ಆ ಒಣತನ ಒರೆಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಅದು ಕೆಂಪು ಬಣ್ಣದ ಶರಬತ್ತು. ಆಲ್ಕೋಹಾಲು ನೂರಕ್ಕೆ ನಾಲ್ಕರಿಂದ ಐದರಷ್ಟು. ಮಾತಾಡುತ್ತ ಕೂರುವವರ ಪಾನೀಯ ಇದು, ಪಂದ್ಯ ಕಟ್ಟುವವರದಲ್ಲ.

ವೈನ್ ಪರೀಕ್ಷಕರು ಸವಿದದ್ದನ್ನು ಉಗುಳುತ್ತಾರೆ, ಬಿಯರಿನವರು ನುಂಗುತ್ತಾರೆ. ನಾಲಿಗೆಯ ಹಿಂಭಾಗದಲ್ಲಿ ಮಾತ್ರ ಕಹಿ ತಿಳಿಯುತ್ತದೆ ಎಂದು ಶಾಲೆಯ ಪುಸ್ತಕಗಳಲ್ಲಿದ್ದ ನಾಲಿಗೆಯ ನಕಾಶೆಯನ್ನು ಇದಕ್ಕೆ ಕಾರಣವಾಗಿ ಹೇಳುವವರಿದ್ದಾರೆ. ಆ ನಕಾಶೆ ತಪ್ಪು. 1901ರ ಒಂದು ಜರ್ಮನ್ ಪ್ರಬಂಧವನ್ನು ಮುಂದಿನವರು ತಪ್ಪಾಗಿ ಓದಿಕೊಂಡು ಹುಟ್ಟಿದ್ದು. ನಾಲಿಗೆಯ ಎಲ್ಲ ಕಡೆಗೂ ಎಲ್ಲ ರುಚಿಯೂ ತಿಳಿಯುತ್ತದೆ. ಆದರೂ ನುಂಗುವುದರಲ್ಲಿ ಅರ್ಥವಿದೆ. ನುಂಗಿದ ಮೇಲೆ ಗಂಟಲ ಹಿಂದಿನಿಂದ ಮೂಗಿಗೆ ಏರುವ ಗಾಳಿಯಲ್ಲಿ ಆ ಒಣ ಮುಕ್ತಾಯ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಇನ್ನು ದೋಷಗಳು. ಒದ್ದೆ ರಟ್ಟಿನ ವಾಸನೆ ಬಂದರೆ ಬಾಟಲಿಗೆ ಗಾಳಿ ಹೊಕ್ಕಿದೆ, ಬಿಯರಿಗೆ ವಯಸ್ಸಾಗಿದೆ. ಬೇಯಿಸಿದ ಮುಸುಕಿನ ಜೋಳದ ವಾಸನೆಗೆ ಕುದಿಸುವುದು ಸಾಲದ್ದು ಕಾರಣವಿರಬಹುದು. ಹಸಿರು ಸೇಬಿನ ವಾಸನೆಯಾದರೆ ಬಿಯರ್ ಇನ್ನೂ ಎಳೆಯದು. ಇವುಗಳ ವಿಷಯದಲ್ಲಿ ಜಗಳವಿಲ್ಲ.

ಜಗಳವಿರುವುದು ಬೆಣ್ಣೆಯ ಬಗ್ಗೆ.

ಹುದುಗುವಾಗ ಯೀಸ್ಟ್ ಹೊರಬಿಡುವ ಒಂದು ಪದಾರ್ಥದಿಂದ ಡೈಅಸಿಟೈಲ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದರ ವಾಸನೆ ಥೇಟ್ ಬೆಣ್ಣೆಯದು. ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು ಇದ್ದರೆ ಸಾಕು, ತೆಳುವಾದ ಬಿಯರಿನಲ್ಲಿ ಸೂಕ್ಷ್ಮ ಮೂಗು ಹಿಡಿದುಬಿಡುತ್ತದೆ. ಹುದುಗುವಿಕೆಯ ಕೊನೆಯಲ್ಲಿ ಬಿಯರನ್ನು ಎರಡು ಮೂರು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ಮರಳಿ ತಿಂದು ಮುಗಿಸುತ್ತದೆ. ಪೀಪಾಯಿ ಖಾಲಿ ಮಾಡುವ ಆತುರದಲ್ಲಿ ಬೇಗ ತಣ್ಣಗೆ ಮಾಡಿದರೆ ಯೀಸ್ಟ್ ಮಲಗಿಬಿಡುತ್ತದೆ, ಬೆಣ್ಣೆ ಉಳಿದುಬಿಡುತ್ತದೆ. ಲಾಗರಿನಲ್ಲಿ ಇದು ಸಾಮಾನ್ಯವಾಗಿ ದೋಷವೇ. ಆದರೆ ಐರಿಷ್ ರೆಡ್ ಏಲಿನ ಲಕ್ಷಣಪಟ್ಟಿಯಲ್ಲಿ ಅತಿ ಸ್ವಲ್ಪ ಬೆಣ್ಣೆಯ ಛಾಯೆ ಇರಬಹುದು, ಇರಲೇಬೇಕೆಂದಿಲ್ಲ ಎಂಬ ರಿಯಾಯಿತಿ ಇದೆ. ಅತಿ ಸ್ವಲ್ಪ ಎಂದರೆ ಎಷ್ಟು? ಹದವೋ ಆತುರವೋ? ಮೇಲಾಗಿ, ಕೊಳಾಯಿಯ ಪೈಪು ತೊಳೆಯದಿದ್ದರೆ ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೂ ಇದೇ ಬೆಣ್ಣೆಯನ್ನು ಕಾರುತ್ತವೆ. ಆಗ ಸಾಮಾನ್ಯವಾಗಿ ಹುಳಿಯೂ ಜೊತೆಗೂಡುವುದರಿಂದ ಬೆಣ್ಣೆಗಿಂತ ಮಜ್ಜಿಗೆಯ ನೆನಪಾಗುತ್ತದೆ. ಒಂದೇ ವಾಸನೆಗೆ ಮೂರು ಅರ್ಥ.

ಇದೆಲ್ಲದರ ಮೇಲೆ ಇನ್ನೊಂದು ತೊಡಕು. ಕೆಲವರ ಮೂಗಿಗೆ ಈ ಬೆಣ್ಣೆ ಗೊತ್ತೇ ಆಗುವುದಿಲ್ಲ. ಬಣ್ಣಗುರುಡಿನಂತೆ ಇದೂ ಒಂದು ಬಗೆ. ತಮಗೆ ಇದೆ ಎಂಬುದು ಅಂಥವರಿಗೆ ಎಷ್ಟೋ ಕಾಲ ತಿಳಿದಿರುವುದೂ ಇಲ್ಲ. ತಯಾರಕರೇ ಅಂಥವರಾದರೆ? ಪೀಪಾಯಿಗಟ್ಟಲೆ ಬೆಣ್ಣೆ ಬಿಯರನ್ನು ಹೆಮ್ಮೆಯಿಂದ ಮಾರುತ್ತಾರೆ. ಪತ್ತೆಹಚ್ಚಲು ಉಪಾಯವಿದೆ. ಮೂರು ಲೋಟ ಇಡುವುದು, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಈ ತ್ರಿಕೋನ ಪರೀಕ್ಷೆ 1940ರ ದಶಕದಲ್ಲಿ ರೂಪುಗೊಂಡದ್ದು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದಲ್ಲ, ಆದ್ದರಿಂದ ಹತ್ತಾರು ಸಲ ಮಾಡಿಸಿ ಲೆಕ್ಕ ಹಾಕಬೇಕು. ಸಂಖ್ಯಾಶಾಸ್ತ್ರಕ್ಕೂ ಬಿಯರಿಗೂ ಹಳೆಯ ನೆಂಟಸ್ತಿಕೆ. ಸಣ್ಣ ಮಾದರಿಗಳಿಂದ ತೀರ್ಮಾನಕ್ಕೆ ಬರುವ ‘ಸ್ಟೂಡೆಂಟ್ಸ್ ಟಿ’ ಪರೀಕ್ಷೆಯನ್ನು ಕಾಲೇಜಿನಲ್ಲಿ ಉರುಹೊಡೆದವರಲ್ಲಿ ಎಷ್ಟು ಜನಕ್ಕೆ ಗೊತ್ತೋ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಆ ಪ್ರಬಂಧ ಬರೆದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯ ನೌಕರ.

ಐರ್ಲೆಂಡಿನ ಮಾತು ಬಂತು. ‘ಐರಿಷ್ ರೆಡ್’ ಎಂಬ ಹೆಸರು ಐರ್ಲೆಂಡಿನದೇ ಎಂದು ನಂಬಿದವರಿಗೆ ಇತಿಹಾಸ ಸ್ವಲ್ಪ ನಿರಾಶೆ ಮಾಡುತ್ತದೆ. ಕಿಲ್ಕೆನಿ ಊರಿನ ಸ್ಮಿತಿಕ್ಸ್ ತನ್ನ ಹುಟ್ಟನ್ನು 1710ಕ್ಕೆ ಒಯ್ಯುತ್ತದೆ, ನಿಜ. ಅಲ್ಲಿನ ಕಾರ್ಖಾನೆ 2013ರ ಕೊನೆಗೆ ಮುಚ್ಚಿ, ತಯಾರಿಕೆ ಡಬ್ಲಿನ್ನಿಗೆ ಹೋಯಿತು. ಆದರೆ ಊರಿನವರ ಬಾಯಲ್ಲಿ ಅದು ಬರಿಯ ‘ಏಲ್’. ‘ರೆಡ್’ ಎಂಬುದನ್ನು ಜಗಜ್ಜಾಹೀರು ಮಾಡಿದ್ದು ಇನ್ನೊಂದು ಕಥೆ. ವೆಕ್ಸ್‌ಫರ್ಡ್ ಪ್ರಾಂತ್ಯದ ಎನ್ನಿಸ್ಕಾರ್ಥಿಯಲ್ಲಿ ಲೆಟ್ ಕುಟುಂಬದ ಬಿಯರ್ ಕಾರ್ಖಾನೆಯಿತ್ತು. ಅದು 1956ರಲ್ಲಿ ಬಾಗಿಲು ಹಾಕಿತು. ಆ ಮನೆತನದ ಜಾರ್ಜ್ ಕಿಲಿಯನ್ ಲೆಟ್ ಹೆಸರನ್ನು ಮಾತ್ರ ಉಳಿಸಿಕೊಂಡು ಮೊದಲು ಫ್ರಾನ್ಸಿನ ಪೆಲ್‌ಫೋರ್ಥ್‌ಗೆ, 1981ರಲ್ಲಿ ಅಮೆರಿಕದ ಕೂರ್ಸ್‌ಗೆ ಪರವಾನಗಿ ಕೊಟ್ಟರು. ಕೂರ್ಸ್ ಮಾರಿದ ‘ಕಿಲಿಯನ್ಸ್ ಐರಿಷ್ ರೆಡ್’ ಅಮೆರಿಕದಲ್ಲಿ ಮನೆಮಾತಾಯಿತು. ತಮಾಷೆಯೆಂದರೆ ಅದು ಈಗ ಲಾಗರ್! ಕೆಂಪು ಏಲಿಗೆ ಹೆಸರು ತಂದುಕೊಟ್ಟದ್ದು ಏಲೇ ಅಲ್ಲದ ಬಿಯರು.

ಸುಮಾರು 2010ರಿಂದೀಚೆಗೆ ಬೆಂಗಳೂರಿನಲ್ಲಿ ತಮ್ಮ ಪಬ್ಬಿನಲ್ಲೇ ಬಿಯರ್ ತಯಾರಿಸಿ ಕೊಡುವ ಪರಿಪಾಠ ಬೆಳೆದು, ಹಲವು ಕಡೆ ಫಲಕದ ಮೇಲೆ ರೆಡ್ ಏಲ್ ಕಾಣಿಸುತ್ತದೆ. ಅಲ್ಲಿ ಜೊತೆಗೆ ಬರುವುದು ಖಾರದ ಕಡಲೆಕಾಯಿ. ತೀರ್ಪು ಕೊಡುವ ಉದ್ದೇಶವಿದ್ದವರು ತಟ್ಟೆಯನ್ನು ಆಚೆ ತಳ್ಳುವುದು ಮೇಲು. ಖಾರದ ಉರಿ ಏರಿದ ನಾಲಿಗೆಗೆ ಒಣ ಮುಕ್ತಾಯವೂ ಒಂದೇ, ಶರಬತ್ತೂ ಒಂದೇ. ಮಂಜುಗಟ್ಟಿದ ಲೋಟವೂ ಬೇಡ. ಅಷ್ಟು ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗಾಗಲು ಬಿಡಬೇಕು.

ಮತ್ತೆ ಆ ಸ್ಪರ್ಧೆಯ ಮೇಜಿಗೆ ಬರೋಣ. ಇಬ್ಬರು ತೀರ್ಪುಗಾರರು, ಒಂದೇ ಬಾಟಲಿ. ಬರೆದು ಮುಗಿಯುವವರೆಗೆ ಇಬ್ಬರೂ ತುಟಿ ಬಿಚ್ಚುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಮೊದಲನೆಯವರ ಮೂಗಿಗೆ ಬೆಣ್ಣೆ ಬಡಿದಿದೆ. ಹುಳಿಯಿಲ್ಲ, ಆದ್ದರಿಂದ ಕೊಳಕಲ್ಲ. ಆದರೆ ಬಿಯರು ಬೆಚ್ಚಗಾದಂತೆ ಬೆಣ್ಣೆ ಹೆಚ್ಚಾಗಿ ಹುರಿದ ಘಮವನ್ನು ಮುಚ್ಚಿಹಾಕುತ್ತಿದೆ, ನಾಲಿಗೆಯ ಮೇಲೆ ಜಿಡ್ಡು ಬಿಡುತ್ತಿದೆ. ಪರಿಮಳಕ್ಕೆ 8, ನೋಟಕ್ಕೆ 3, ರುಚಿಗೆ 13, ಬಾಯಿಗೆ 4, ಒಟ್ಟಾರೆ 6. ಮೊತ್ತ 34. ಎರಡನೆಯವರ ಹಾಳೆಯಲ್ಲಿ ಬೆಣ್ಣೆಯ ಸೊಲ್ಲೇ ಇಲ್ಲ, ಮೊತ್ತ 41. ವ್ಯತ್ಯಾಸ ಏಳು. ಅದಕ್ಕಿಂತ ಹೆಚ್ಚಿದ್ದರೆ ಇಬ್ಬರೂ ಕೂತು ಸರಿಪಡಿಸಿಕೊಳ್ಳಲೇಬೇಕೆಂದು ರೂಢಿ, ಏಳು ಗಡಿಯ ಮೇಲೇ ನಿಂತಿದೆ. ಸುಮ್ಮನೆ ಸರಾಸರಿ ತೆಗೆದರೆ ಮೂವತ್ತೇಳೂವರೆ. ಪಟ್ಟಿಯ ಪ್ರಕಾರ 30ರಿಂದ 37 ‘ಬಹಳ ಚೆನ್ನ’, 38ರಿಂದ ‘ಅತ್ಯುತ್ತಮ’. ಅರ್ಧ ಅಂಕದಾಚೆ ಒಬ್ಬರ ಹೆಸರು.

ಮೊದಲನೆಯವರು ಲೋಟವನ್ನು ಅಂಗೈಯಿಂದ ಮುಚ್ಚಿ, ಒಮ್ಮೆ ತಿರುಗಿಸಿ, ಮುಂದೆ ಸರಿಸುತ್ತಾರೆ. ಎರಡನೆಯವರು ಮೂಸುತ್ತಾರೆ, ತೋಳು ಮೂಸಿಕೊಂಡು ಮತ್ತೆ ಮೂಸುತ್ತಾರೆ. ವಾಸನೆ ಸಿಗುವುದಿಲ್ಲ. ಬೆಣ್ಣೆಯ ವಿಷಯದಲ್ಲಿ ತಮ್ಮ ಮೂಗು ಮಂದ ಎಂದು ಹಿಂದೊಮ್ಮೆ ಮೂರು ಲೋಟಗಳ ಪರೀಕ್ಷೆಯಲ್ಲಿ ಗೊತ್ತಾಗಿತ್ತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಆದರೆ ಜಿಡ್ಡು? ಒಂದು ಗುಟುಕು ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿ, ಹೌದು ಎಂದು ತಲೆಯಾಡಿಸುತ್ತಾರೆ. ಕೊನೆಗೆ ಬರೆದದ್ದು 36. ಹಾಳೆಯ ಕೆಳಗೆ ತಯಾರಕರಿಗೆ ಎರಡು ಸಾಲು: ಬಣ್ಣ, ತಿಳಿ, ಒಣ ಮುಕ್ತಾಯ ಮೂರೂ ಚೊಕ್ಕವಾಗಿವೆ. ತಣ್ಣಗೆ ಮಾಡುವ ಮೊದಲು ಇನ್ನೆರಡು ದಿನ ಬೆಚ್ಚಗೆ ಬಿಡಿ.

ಅಷ್ಟರಲ್ಲಿ ಬಡಿಸುವ ಹುಡುಗ ಮುಂದಿನ ನಂಬರಿನ ಬಾಟಲಿ ತಂದಿಟ್ಟಿದ್ದಾನೆ.