ದಾಟಿಹೋಗುವ ಊರು, ತಂಗದ ಪ್ರವಾಸಿ

ಗಡಿ ಎಂದೊಡನೆ ಎರಡು ರಾಜ್ಯಗಳ ಇಲ್ಲವೇ ಎರಡು ದೇಶಗಳ ನಡುವಿನ ಗೆರೆ ಮನಸ್ಸಿಗೆ ಬರುವುದು ಸಹಜವಾದರೂ, ನೆಲ, ಮಳೆ, ಬೆಳೆ ಮತ್ತು ಬದುಕಿನ ರೀತಿ ಬದಲಾಗುವ ಜಾಗವೂ ಗಡಿಯೇ. ಆ ಅರ್ಥದಲ್ಲಿ ಶಿವಮೊಗ್ಗ ನಗರ ಮತ್ತು ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿ ಗಡಿಯೂರುಗಳೇ ಆಗಿವೆ. ಇವುಗಳ ಪಶ್ಚಿಮಕ್ಕೆ, ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆಯವರೆಗೆ ಹಬ್ಬಿದ ಅಡಿಕೆ ತೋಟ ಮತ್ತು ಕಾಡಿನ ಮಲೆನಾಡಿದೆ. ಪೂರ್ವಕ್ಕೆ, ಚನ್ನಗಿರಿಯ ಕಡೆ, ಸೂಳೆಕೆರೆಯನ್ನೂ ಭದ್ರಾ ನಾಲೆಯನ್ನೂ ನಂಬಿದ ಬಯಲುಸೀಮೆ ಆರಂಭವಾಗುತ್ತದೆ. ಶಿವಮೊಗ್ಗವನ್ನು ‘ಮಲೆನಾಡಿನ ಹೆಬ್ಬಾಗಿಲು’ ಎಂದು ಕರೆಯುವ ರೂಢಿ ಈ ಕಾರಣದಿಂದಲೇ ಬಂದಿದೆ. ಮಲೆನಾಡಿನ ಮನೆಗಳಲ್ಲಿ ಹೆಬ್ಬಾಗಿಲು ದಾಟಿದವರನ್ನು ಮೊದಲು ಜಗಲಿಯಲ್ಲಿ ಕೂರಿಸಿ ಬಾಯಾರಿಕೆ ಕೇಳುವ ಪದ್ಧತಿಯಿದ್ದು, ಶಿವಮೊಗ್ಗ ದಶಕಗಳ ಕಾಲ ಮಲೆನಾಡಿಗೆ ಬಂದವರ ಪಾಲಿಗೆ ಅಂಥ ಜಗಲಿಯಾಗಿತ್ತು. ಆ ಜಗಲಿ ಇಂದು ಬರಿದಾಗುತ್ತಿದೆ.

ಈ ಮಾತಿಗೆ ತಕ್ಷಣ ಎದುರಾಗುವ ಆಕ್ಷೇಪವೆಂದರೆ, ಮಳೆಗಾಲದ ವಾರಾಂತ್ಯಗಳಲ್ಲಿ ಸಾಗರದ ರಸ್ತೆಯಲ್ಲಿ ಕಾರು ಮತ್ತು ಟಿ.ಟಿ.ಗಳ ಸಾಲು ಕರಗುವುದೇ ಇಲ್ಲವಲ್ಲ ಎಂಬುದು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಬಳಸುವ ಒಂದು ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ: ಭೇಟಿ ನೀಡಿದ ಸ್ಥಳದಲ್ಲಿ ಕನಿಷ್ಠ ಒಂದು ರಾತ್ರಿ ತಂಗಿದವರು ಮಾತ್ರ ಪ್ರವಾಸಿಗರು, ಅದೇ ದಿನ ಹಿಂದಿರುಗುವವರು ದಿನದ ಸಂದರ್ಶಕರು. ಊರಿಗೆ ಬರುವ ಹಣ, ಅದರಿಂದ ನಡೆಯುವ ಲಾಡ್ಜು, ಖಾನಾವಳಿ, ಆಟೋ, ಕರಕುಶಲ ವಸ್ತುಗಳ ಅಂಗಡಿ ಇವೆಲ್ಲವೂ ಮುಖ್ಯವಾಗಿ ಮೊದಲನೆಯವರನ್ನು ಅವಲಂಬಿಸಿವೆ. ಪ್ರವೇಶ ಟಿಕೆಟ್ಟುಗಳನ್ನು ಎಣಿಸಿ ಪ್ರವಾಸೋದ್ಯಮ ಬೆಳೆಯಿತೆಂದು ಹೇಳುವವರ ಲೆಕ್ಕದಲ್ಲಿ ಈ ಭೇದ ಕಾಣುವುದಿಲ್ಲ. ಜಿಲ್ಲೆಗೆ ಜನ ಬರುತ್ತಿದ್ದಾರೆ. ಜಿಲ್ಲಾ ಕೇಂದ್ರದಲ್ಲಿ ಮತ್ತು ಭದ್ರಾವತಿಯಲ್ಲಿ ಇಳಿಯುತ್ತಿಲ್ಲ. ಜಗಲಿ ಬರಿದಾಗುತ್ತಿದೆ ಎಂದದ್ದು ಇದನ್ನೇ.

ಹಿಂದೆ ಜನ ಇಲ್ಲಿ ಇಳಿಯುತ್ತಿದ್ದುದಕ್ಕೆ ಊರಿನ ಸೊಗಸಿಗಿಂತ ದಾರಿಯ ರಚನೆಯೇ ದೊಡ್ಡ ಕಾರಣವಾಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಾಗ ಹಳಿ ಇಲ್ಲಿಗೇ ಮುಗಿಯುತ್ತಿತ್ತು. ತಾಳಗುಪ್ಪದವರೆಗಿನ ಮೀಟರ್ ಗೇಜ್ ಮಾರ್ಗ 1940ರ ಹೊತ್ತಿಗಷ್ಟೇ ಪೂರ್ಣಗೊಂಡಿತು. ಹಳಿ ಮುಂದಕ್ಕೆ ಸಾಗುವವರೆಗೆ ಜೋಗ ಜಲಪಾತಕ್ಕೆ ಹೊರಟವರು ಶಿವಮೊಗ್ಗದಲ್ಲಿ ಇಳಿದು, ಬಂಡಿಯನ್ನೋ ಮೋಟಾರನ್ನೋ ಗೊತ್ತುಮಾಡಿಕೊಂಡು ಮುಂದೆ ಸಾಗಬೇಕಿತ್ತು. ಆ ಕಾಲದಲ್ಲಿ ಜೋಗವೂ ರಾಜಕೀಯ ಅರ್ಥದಲ್ಲಿಯೇ ಗಡಿಯಾಗಿತ್ತೆಂಬುದನ್ನು ಇಂದಿನ ಸಂದರ್ಶಕರಲ್ಲಿ ಬಹಳ ಮಂದಿ ಅರಿಯರು. ಶರಾವತಿಯ ಒಂದು ದಡ ಮೈಸೂರು ಸಂಸ್ಥಾನಕ್ಕೂ ಇನ್ನೊಂದು ದಡ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಗೂ ಸೇರಿದ್ದವು. ಒಂದೇ ಜಲಪಾತವನ್ನು ಎದುರುಬದುರಾಗಿ ನೋಡುವ ಮೈಸೂರು ಬಂಗಲೆ ಮತ್ತು ಬಾಂಬೆ ಬಂಗಲೆಗಳು ಹುಟ್ಟಿದ್ದು ಹಾಗೆ. ಕರಾವಳಿಯಿಂದ ಬರುವವರು ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿದರೆ, ಮೈಸೂರು ಸೀಮೆಯವರು ಶಿವಮೊಗ್ಗ, ಸಾಗರಗಳ ಮೂಲಕ ಬರುತ್ತಿದ್ದರು. 1956ರ ನವೆಂಬರ್ 1ರಂದು ಆ ಗಡಿ ಅಳಿಸಿಹೋಯಿತು. ಅದು ಕನ್ನಡಿಗರ ಸೌಭಾಗ್ಯ. ಆದರೆ ಮಲೆನಾಡಿಗೂ ಬಯಲಿಗೂ ನಡುವಿನ ಗಡಿಯನ್ನು ಯಾವ ಕಾಯಿದೆಯೂ ಅಳಿಸಲಾರದಾದ್ದರಿಂದ ಶಿವಮೊಗ್ಗದ ಸ್ಥಾನ ಆಮೇಲೆಯೂ ಉಳಿಯಬೇಕಿತ್ತು.

ಉಳಿಯದೆ ಹೋದುದಕ್ಕೆ ಮೊದಲ ಕಾರಣ ನೀರಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹರಿವು ವಿದ್ಯುತ್ತಿಗೆ ಮೀಸಲಾದ ಮೇಲೆ, ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಬೇಸಗೆಯಲ್ಲಿ ಬಂಡೆಯ ಮೇಲಿನ ಎಳೆಗಳಾಗಿ ಉಳಿದವು, ಮತ್ತು ಇಡೀ ಜಿಲ್ಲೆಯ ಪ್ರವಾಸ ಮಳೆಗಾಲದ ಕೆಲವೇ ತಿಂಗಳುಗಳಿಗೆ ಕುಗ್ಗಿತು. ಒಂದೇ ತಾಣವನ್ನು ನೆಚ್ಚಿಕೊಂಡರೆ ಆ ತಾಣಕ್ಕೆ ಬಂದ ತೊಂದರೆಯೆಲ್ಲ ಜಿಲ್ಲೆಯ ತೊಂದರೆಯಾಗುತ್ತದೆ. ಅಭಿವೃದ್ಧಿ ಕಾಮಗಾರಿಗಾಗಿ 2025ರ ಜನವರಿ 1ರಿಂದ ಜೋಗದ ವೀಕ್ಷಣಾ ಪ್ರದೇಶಕ್ಕೆ ತಿಂಗಳುಗಟ್ಟಲೆ ಪ್ರವೇಶ ನಿರ್ಬಂಧಿಸಿದಾಗ ಇದು ಇನ್ನೊಮ್ಮೆ ಸ್ಪಷ್ಟವಾಯಿತು.

ಎರಡನೆಯ ಕಾರಣ ವೇಗ. 2011ರಲ್ಲಿ ತಾಳಗುಪ್ಪದವರೆಗಿನ ಹಳಿ ಬ್ರಾಡ್ ಗೇಜ್ ಆದುದರಿಂದ, ಮೈಸೂರು, ಬೆಂಗಳೂರುಗಳಿಂದ ರಾತ್ರಿ ರೈಲು ಹತ್ತಿದವರು ಶಿವಮೊಗ್ಗವನ್ನು ಬೆಳಗಿನ ಜಾವದ ನಿದ್ದೆಯಲ್ಲಿಯೇ ದಾಟಿ, ಸೂರ್ಯ ಮೇಲೇರುವ ಹೊತ್ತಿಗೆ ಜೋಗದ ಹತ್ತಿರ ಇಳಿಯುತ್ತಾರೆ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಸೋಗಾನೆಯಲ್ಲಿ 3,200 ಮೀಟರ್ ಓಡುಹಾದಿಯ, ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಳಿಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಶರಾವತಿ ಹಿನ್ನೀರಿನ ಮೇಲೆ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಆಚೆ ದಡದ ಸಿಗಂದೂರು ದೇವಾಲಯಕ್ಕೆ ಹೋಗುವವರು ಲಾಂಚಿನ ವೇಳೆಗೆ ಕಾಯುವ ಅಗತ್ಯ ಇನ್ನಿಲ್ಲ. ಅಣೆಕಟ್ಟಿಗಾಗಿ ನೆಲ ಕಳೆದುಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದ್ವೀಪವಾಸಿಗಳಂತೆ ಬದುಕಿದ, ಅದೇ ದಡದ ತುಮರಿಯ ಜನರಿಗೆ ಆ ಸೇತುವೆ ತಡವಾಗಿ ಸಂದ ನ್ಯಾಯವಾಗಿದ್ದು, ಅದರ ಬಗ್ಗೆ ಯಾವ ಊರೂ ಕರುಬಬಾರದು. ಆದರೆ ದಾರಿ ಸಲೀಸಾದಷ್ಟೂ ದಾರಿಯ ಮೇಲಿನ ಊರು ತನ್ನಲ್ಲಿ ನಿಲ್ಲುವುದಕ್ಕೆ ಹೊಸ ಕಾರಣ ಕೊಡಬೇಕಾಗುತ್ತದೆ. ಶಿವಮೊಗ್ಗ ಅದನ್ನು ಕೊಟ್ಟಿಲ್ಲ.

ಕೊಡುವುದಕ್ಕೆ ಏನೂ ಇಲ್ಲದೆ ಹೀಗಾಗಿದ್ದರೆ ದುಃಖಪಡುವ ಅಗತ್ಯವಿರಲಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ, ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಿ, ಗಾಜನೂರು ಜಲಾಶಯದ ಹಿನ್ನೀರಿನಂಚಿಗೆ ಸಕ್ರೆಬೈಲು ಆನೆ ಬಿಡಾರವಿದೆ. ರಾತ್ರಿ ಕಾಡಿನಲ್ಲಿ ಮೇಯುವ ಆನೆಗಳನ್ನು ಮಾವುತರು, ಕಾವಾಡಿಗಳು ಬೆಳಿಗ್ಗೆ ಹಿಡಿದು ತಂದು ತುಂಗೆಯಲ್ಲಿ ಮೀಯಿಸಿ, ಮೇವು ತಿನ್ನಿಸಿ, ಮತ್ತೆ ಕಾಡಿಗೆ ಬಿಡುವ ಕ್ರಮ ಅಲ್ಲಿಯದು. ಆದ್ದರಿಂದ ಸಾರ್ವಜನಿಕರಿಗೆ ಆನೆಗಳು ಕಾಣಸಿಗುವುದು ಬೆಳಗಿನ ಕೆಲವು ಗಂಟೆ ಮಾತ್ರ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಬಂದವರಿಗೆ ಅದು ತಪ್ಪಿಯೇ ಹೋಗುತ್ತದೆ, ಹಿಂದಿನ ರಾತ್ರಿ ಶಿವಮೊಗ್ಗದಲ್ಲಿ ತಂಗಿದವರಿಗೆ ದಕ್ಕುತ್ತದೆ. ಒಂದು ಊರಿಗೆ ಪ್ರವಾಸಿಯನ್ನು ತಂಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದು ಕಷ್ಟ. ಹೀಗಿದ್ದೂ ಸಂಜೆ ಹೊತ್ತಿಗೆ ಊರು ಸೇರಿದ ಪ್ರವಾಸಿಗೆ ಮರುದಿನದ ಬೆಳಗಿನವರೆಗೆ ಮಾಡಲು, ನೋಡಲು, ಕೇಳಲು ಏನನ್ನಾದರೂ ಜೋಡಿಸಿಕೊಡುವ ಏರ್ಪಾಡು ನಗರದಲ್ಲಿ ಬೆಳೆದಿಲ್ಲ. ಗಮಕ ಮತ್ತು ಸಂಸ್ಕೃತಗಳಿಗೆ ಹೆಸರಾದ ಮತ್ತೂರು, ಹೊಸಹಳ್ಳಿಗಳು ನಗರದ ಮಗ್ಗುಲಲ್ಲಿಯೇ ಇವೆ. ಕಾವ್ಯವನ್ನು ರಾಗದಲ್ಲಿ ವಾಚಿಸಿ, ಅದರ ಅರ್ಥವನ್ನು ಇನ್ನೊಬ್ಬರು ವ್ಯಾಖ್ಯಾನಿಸುವ ಕಲೆಯಾದ ಗಮಕವನ್ನು ಸಂಜೆಗೆ ತುಂಗೆಯ ದಡದಲ್ಲಿ ಕೇಳಿಸುವುದಕ್ಕೆ ಕೋಟಿಗಳ ಯೋಜನೆ ಬೇಕಾಗಿಲ್ಲ.

ಶಿವಪ್ಪನಾಯಕನ ಅರಮನೆಯದೂ ಇಂಥದೇ ಸ್ಥಿತಿ. ಮರದ ಕಂಬಗಳ, ಎರಡು ಅಂತಸ್ತಿನ ಈ ಕಟ್ಟಡಕ್ಕೆ ಕೆಳದಿಯ ಅರಸನ ಹೆಸರಿದ್ದರೂ, ಇದನ್ನು ಕಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, ಮೈಸೂರಿನ ಹೈದರ್ ಅಲಿಯ ಕಾಲದಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಈ ಗೊಂದಲವೇ ಒಂದು ರೋಚಕ ಚರಿತ್ರೆಯ ಬಾಗಿಲು. ಕೆಳದಿ ಅರಸರ ರಾಜಧಾನಿ ಬಿದನೂರನ್ನು 1763ರಲ್ಲಿ ಹೈದರ್ ಗೆದ್ದ ಮೇಲೆ ಶಿವಮೊಗ್ಗ ಮೈಸೂರಿನ ಉತ್ತರದ ಗಡಿಕಾವಲಿನ ಕೋಟೆಯಾಗಿ, 1791ರ ಕೊನೆಯಲ್ಲಿ ಪರಶುರಾಮ ಭಾವೂವಿನ ಮರಾಠಾ ಸೇನೆಯ ಮುತ್ತಿಗೆಯನ್ನು ಕಂಡು ಸೂರೆಹೋಯಿತು. ಗಡಿಯೂರಿನ ಈ ಕಥೆಯನ್ನು ನೋಡಬಂದವರಿಗೆ ಹೇಳುವ ಕೆಲಸ ನಡೆಯಬೇಕಾದ ರೀತಿಯಲ್ಲಿ ನಡೆದಿಲ್ಲ. ನಗರದಿಂದ ಹೆಚ್ಚು ದೂರವಿಲ್ಲದ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾಗುವ ಸಂಗಮವಿದೆ, ಹೊಯ್ಸಳ ಕಾಲದ ದೇಗುಲವಿದೆ, ಮಠಗಳಿವೆ. ಕರ್ನಾಟಕದ ಅನೇಕ ಗದ್ದೆಗಳಿಗೆ ನೀರುಣಿಸುವ ನದಿ ತನ್ನ ಹೆಸರು ಪಡೆಯುವ ಜಾಗ ಹೆಚ್ಚಿನ ಪ್ರವಾಸಿಗರ ದಾರಿಯಲ್ಲಿ ಬರುವುದೇ ಇಲ್ಲ.

ಹೇಳಲು ಕಹಿಯಾದರೂ ಹೇಳಬೇಕಾದ ಇನ್ನೊಂದು ಸಂಗತಿಯೆಂದರೆ ಊರಿನ ಹೆಸರು ಸುದ್ದಿಯಲ್ಲಿ ಬರುವ ಬಗೆ. 2022ರ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕೋಮು ಉದ್ವಿಗ್ನತೆಯಿಂದಾಗಿ ನಗರದಲ್ಲಿ ನಿಷೇಧಾಜ್ಞೆ, ಅಂದರೆ ಜನ ಗುಂಪುಗೂಡುವುದನ್ನು ತಡೆಯುವ ಆದೇಶ, ಜಾರಿಯಾಯಿತು. 2023ರ ಅಕ್ಟೋಬರಿನಲ್ಲಿ ನಗರದ ರಾಗಿಗುಡ್ಡದಲ್ಲಿ ಮತ್ತೆ ಅದೇ ಆಯಿತು. ಮಕ್ಕಳನ್ನು ಕರೆದುಕೊಂಡು ಹೊರಡುವ ಕುಟುಂಬ ಇಂಥ ಸುದ್ದಿಯನ್ನು ಬೇಗ ಮರೆಯುವುದಿಲ್ಲ, ಮತ್ತು ನದಿ ದಂಡೆಯ ಹೊಸ ಕಲ್ಲುಹಾಸು ಆ ಭಯವನ್ನು ಹೋಗಲಾಡಿಸುವುದೂ ಇಲ್ಲ. ಇದರ ಹೊಣೆ ಪೊಲೀಸರಿಗಿಂತ ಮೊದಲು ಊರಿನ ಮುಂದಾಳುಗಳದು.

ಭದ್ರಾವತಿಯ ನಷ್ಟ ಬೇರೆ ತೆರನದು ಮತ್ತು ಹೆಚ್ಚು ಆಳದ್ದು. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿ, 1923ರಲ್ಲಿ ಕಬ್ಬಿಣ ತೆಗೆಯತೊಡಗಿತು. ಕಲ್ಲಿದ್ದಲು ಇಲ್ಲದ ಸೀಮೆಯಾದ್ದರಿಂದ, ಅದಿರನ್ನು ಕರಗಿಸಲು ಮಲೆನಾಡಿನ ಮರದ ಇದ್ದಿಲನ್ನೇ ಬಳಸಿ, ಮರ ಸುಡುವಾಗ ಹೊರಡುವ ಹೊಗೆಯನ್ನು ತಣಿಸಿ ರಾಸಾಯನಿಕಗಳನ್ನೂ ಪಡೆಯುವ ಕ್ರಮ ಅಲ್ಲಿಯದಾಗಿತ್ತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ರೋಪ್‌ವೇ ಮೂಲಕ ಇಳಿಯುತ್ತಿತ್ತು. ಮುಂದೆ ಜೋಗದ ನೀರು ವಿದ್ಯುತ್ತಾದ ಮೇಲೆ, 1950ರ ದಶಕದಲ್ಲಿ ಆ ವಿದ್ಯುತ್ತಿನಿಂದ ಉರಿಯುವ ಕುಲುಮೆಗಳೂ ಬಂದವು. ಕಾಡು, ಬೆಟ್ಟ, ಜಲಪಾತ ಮೂರೂ ಹೀಗೆ ಒಂದೇ ಕಾರ್ಖಾನೆಯಲ್ಲಿ ಸೇರಿದ್ದವು. 1927ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿ, ಜೊತೆಗಿದ್ದ ಕಾಕಾ ಕಾಲೇಲ್ಕರರು ಒತ್ತಾಯಿಸಿದರೂ ಸಾಗರದ ಬಳಿಯಿಂದ ಜೋಗ ನೋಡಲು ಹೋಗಲಿಲ್ಲವೆಂಬುದು ಪ್ರಸಿದ್ಧ. ಆದರೆ ಅದೇ ಪ್ರವಾಸದಲ್ಲಿ ಅವರು ಭದ್ರಾವತಿಯ ಕಾರ್ಖಾನೆಯನ್ನು ಕಂಡರು. ಜಲಪಾತಕ್ಕೆ ಬಿಡುವು ಮಾಡಿಕೊಳ್ಳದವರು ಕಾರ್ಖಾನೆಗೆ ಮಾಡಿಕೊಂಡರೆಂಬುದು ಆ ಕಾಲದಲ್ಲಿ ಭದ್ರಾವತಿಗೆ ಇದ್ದ ಬೆಲೆಯನ್ನು ಹೇಳುತ್ತದೆ.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂಪಿಎಂ, ಹುಟ್ಟಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಸಾಲುಮರದ ಬಡಾವಣೆಗಳು ಬೆಳೆದವು. 1965ರಲ್ಲಿ ಆಕಾಶವಾಣಿ ಕೇಂದ್ರ ಬಂದು ಊರಿನ ಹೆಸರು ಮಲೆನಾಡಿನ ಮನೆಮನೆಗಳಲ್ಲಿ ಕೇಳಿಸಿತು. ಆ ಬಳಿಕ ಇಳಿಗಾಲ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನಕ್ಕೆ ಗುರಿಯಾಗಿ, ಕಾರ್ಮಿಕರ ಹೋರಾಟದ ಬಲದಿಂದ ಭಾಗಶಃ ಉಸಿರಾಡುತ್ತಿದೆ. ಎಂಪಿಎಂ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಅದಿರು ಅಗೆದ ಕೆಮ್ಮಣ್ಣುಗುಂಡಿ ಗಿರಿಧಾಮವಾಗಿ ಜನರನ್ನು ಸೆಳೆಯುತ್ತಿದ್ದರೆ, ಆ ಅದಿರನ್ನು ಕಬ್ಬಿಣ ಮಾಡಿದ ಊರು ನಕಾಶೆಯಲ್ಲಿ ಬರಿಯ ನಿಲ್ದಾಣವಾಗಿದೆ. ನೋಡಲು ಇಲ್ಲಿ ಕಾರ್ಖಾನೆಯಷ್ಟೇ ಅಲ್ಲ, ಹಳೆಯ ದೇಗುಲಗಳೂ ಇವೆ. ಭದ್ರಾವತಿಯ ಹಳೇನಗರದ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ತ್ರಿಕೂಟ ಶೈಲಿಯದು, ಅಂದರೆ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿಗಳು ತೆರೆದುಕೊಳ್ಳುವಂಥದು. ನೆರೆಯ ತರೀಕೆರೆ ತಾಲ್ಲೂಕಿನ ಅಮೃತಪುರದಲ್ಲಿ 1196ರ ದೇವಾಲಯವಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹೊಯ್ಸಳ ಶಿಲ್ಪಕ್ಕೆ ಬಂದ ಹೊಸ ಕುತೂಹಲವನ್ನು ಅಮೃತಪುರ, ಭದ್ರಾವತಿ, ಕೂಡಲಿಗಳ ದಾರಿಗೆ ತಿರುಗಿಸುವ ಪ್ರಯತ್ನ ಆಗಬೇಕಿದೆ.

ಆದರೂ ಭದ್ರಾವತಿಗೆ ಮಾತ್ರ ಇರುವ, ಬೇರೆಲ್ಲೂ ಸಿಗದ ಆಸ್ತಿ ಅದರ ಕುಲುಮೆ ಮತ್ತು ಕಾಗದದ ಯಂತ್ರಗಳೇ. ಕಾರ್ಖಾನೆ ಮತ್ತೆ ಪೂರ್ಣವಾಗಿ ನಡೆಯಬೇಕೆಂಬ ಕಾರ್ಮಿಕರ ಬೇಡಿಕೆ ಎಲ್ಲಕ್ಕಿಂತ ಮೊದಲು ಬರುವಂಥದು. ನಡೆಯುವ ಕಾರ್ಖಾನೆಯನ್ನು ನೋಡುವುದೇ ಸತ್ತ ಕಾರ್ಖಾನೆಯನ್ನು ನೋಡುವುದಕ್ಕಿಂತ ಮೇಲು. ಆದರೆ ನಿಂತುಹೋದ ಭಾಗಗಳು ಗುಜರಿಗೆ ಹೋಗುವ ಮುನ್ನ, ರಾಜ್ಯ ಸರ್ಕಾರ ಮತ್ತು ಉಕ್ಕು ಪ್ರಾಧಿಕಾರ ಅವುಗಳಲ್ಲಿ ಕೆಲವನ್ನಾದರೂ ಉಳಿಸಿ, ನಿವೃತ್ತ ಕಾರ್ಮಿಕರನ್ನೇ ವಿವರಣೆಕಾರರನ್ನಾಗಿ ನೇಮಿಸಿ, ಜನರಿಗೆ ತೆರೆಯಬೇಕು. ಶಿವಮೊಗ್ಗದಲ್ಲಿ ತಂಗಿ, ಬೆಳಿಗ್ಗೆ ಸಕ್ರೆಬೈಲಿನ ಆನೆಗಳನ್ನು ಕಂಡು, ಮಧ್ಯಾಹ್ನ ಭದ್ರಾವತಿಯ ಕುಲುಮೆಯ ಮುಂದೆ ನಿಲ್ಲುವ ಪ್ರವಾಸಿ ಆಗ ಎರಡೂ ಊರುಗಳಿಗೆ ದಕ್ಕುತ್ತಾನೆ. ಜರ್ಮನಿಯಲ್ಲಿ, ಫ್ರಾನ್ಸಿನ ಗಡಿಯ ಸಮೀಪ, ಫೋಲ್ಕ್ಲಿಂಗೆನ್ ಎಂಬ ಊರಿನ 1873ರ ಕಬ್ಬಿಣದ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅದನ್ನು ಕೆಡವದೆ ಉಳಿಸಿದ್ದರಿಂದ 1994ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿ ಸೇರಿ, ಇಂದಿಗೂ ಜನ ನೋಡಬರುವ ತಾಣವಾಗಿದೆ. ಅಲ್ಲಿಯವರಿಗೆ ಹಿಡಿದದ್ದು ಎಂಟು ವರ್ಷ. ಎಂಪಿಎಂ ಯಂತ್ರಗಳು ನಿಂತು ಆಗಲೇ ಹತ್ತು ವರ್ಷ ಕಳೆದಿದೆ.