ಬಾಯಿಮಾತಿನಲ್ಲಿ ದೇವರ ಹೆಸರು

ಕೈಯಲ್ಲಿದ್ದ ಪಾತ್ರೆ ಜಾರಿ ಬಿದ್ದಾಗಲೂ, ನೆನೆಯದ ಸುದ್ದಿ ಬಂದಾಗಲೂ, ಬುದ್ಧಿಯು ಮಾತನ್ನು ಆರಿಸುವುದಕ್ಕೆ ಮೊದಲೇ ನಾಲಗೆಯು ಒಂದು ಮಾತನ್ನು ಆಡಿ ಮುಗಿಸಿರುತ್ತದೆ. ಆ ಮಾತು ಬಹುಮಟ್ಟಿಗೆ ದೇವರ ಹೆಸರೇ ಆಗಿರುವುದು. "ಶಿವ ಶಿವಾ", "ರಾಮ ರಾಮ", "ಅಯ್ಯೋ ದೇವರೇ" ಎಂಬ ಉದ್ಗಾರಗಳು ನಮ್ಮ ನಾಡಿನ ಮನೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಕೇಳಿಬರುವುವೋ ಎಣಿಸಿದವರಿಲ್ಲ. ಆದರೆ ಕ್ರೈಸ್ತರ ಅನೇಕ ಮನೆಗಳಲ್ಲಿ ಹಿರಿಯರು ಮಕ್ಕಳನ್ನು ಇಂಥ ಮಾತಿನಿಂದ ತಡೆಯುವುದುಂಟು. ಏಕೆ ತಡೆಯುತ್ತಾರೆ, ಎಲ್ಲಿಯವರೆಗೆ ತಡೆಯುವುದು ನ್ಯಾಯ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ನೆರೆಯ ಹಿಂದೂ ಮನೆಯವರಿಗೆ ಈ ತಡೆ ವಿಚಿತ್ರವಾಗಿ ತೋರಬಹುದು. ಭಾಗವತದ ಆರನೆಯ ಸ್ಕಂಧದಲ್ಲಿ ಬರುವ ಅಜಾಮಿಳನ ಕಥೆಯನ್ನು ಕೇಳದವರು ವಿರಳ. ದುರ್ಮಾರ್ಗದಲ್ಲಿ ಬಾಳಿದ ಅವನು ಸಾಯುವ ಗಳಿಗೆಯಲ್ಲಿ ನಾರಾಯಣನೆಂಬ ಹೆಸರಿನ ತನ್ನ ಮಗನನ್ನು ಕೂಗಿದನು. ಆ ಕೂಗಿಗೇ ವಿಷ್ಣುದೂತರು ಬಂದು ಅವನನ್ನು ಯಮದೂತರಿಂದ ಬಿಡಿಸಿದರು. ಅರಿಯದೆ ನುಡಿದರೂ ನಾಮಕ್ಕೆ ಬಲವುಂಟೆಂಬುದು ಅದರ ತಾತ್ಪರ್ಯ. ಹಾಗೆ ನಂಬಿದವರಿಗೆ ನಾಲಗೆಯ ತುದಿಯಲ್ಲಿ ದೇವರ ಹೆಸರಿರುವುದು ಲಾಭವೇ ಹೊರತು ನಷ್ಟವಲ್ಲ. ಕ್ರೈಸ್ತಧರ್ಮವು ದೇವನಾಮದ ಮಹಿಮೆಯನ್ನು ಒಪ್ಪಿಯೂ ಬೇರೆ ದಾರಿ ಹಿಡಿಯಿತು. ಮಹಿಮೆಯುಳ್ಳದ್ದನ್ನು ಎಚ್ಚರದಿಂದ ಬಳಸಬೇಕೆಂಬುದು ಅದರ ಬೋಧೆ.

ಈ ಬೋಧೆಯ ಮೂಲವು ಹತ್ತು ಆಜ್ಞೆಗಳಲ್ಲಿದೆ. ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಕೂಡದೆಂಬ ವಿಧಿಯು ವಿಮೋಚನಕಾಂಡದ 20ನೆಯ ಅಧ್ಯಾಯದ 7ನೆಯ ವಚನದಲ್ಲಿ ಬರುತ್ತದೆ. ಇದನ್ನು ಆಂಗ್ಲಿಕನ್ ಮತ್ತು ರಿಫಾರ್ಮ್ಡ್ ಸಭೆಯವರು ಮೂರನೆಯ ಆಜ್ಞೆಯೆಂದೂ, ಕಥೋಲಿಕರೂ ಲೂಥರನ್ ಸಭೆಯವರೂ ಎರಡನೆಯದೆಂದೂ ಎಣಿಸುವರು. ಎಣಿಕೆ ಬೇರೆಯಾದರೂ ಆಜ್ಞೆ ಒಂದೇ. ಅಲ್ಲಿನ ಹೀಬ್ರೂ ಕ್ರಿಯಾಪದಕ್ಕೆ ಎತ್ತುವುದು, ಹೊರುವುದು ಎಂದು ಅರ್ಥ. ನಾವೂ "ಅವನ ಹೆಸರೆತ್ತಬೇಡ" ಎನ್ನುತ್ತೇವಷ್ಟೆ. ಈ ಒಂದು ವಿಷಯದಲ್ಲಿ ಕನ್ನಡದ ನುಡಿಗಟ್ಟು ಮೂಲಕ್ಕೆ ಬಲು ಹತ್ತಿರವಾಗಿದೆ. ಜೊತೆಗಿರುವ 'ಶಾವ್' ಎಂಬ ಪದಕ್ಕೆ ಬರಿದು, ಟೊಳ್ಳು, ಸುಳ್ಳು ಎಂಬ ಅರ್ಥಗಳುಂಟು. ಆದುದರಿಂದ ಸುಳ್ಳು ಪ್ರಮಾಣವೂ ಅರ್ಥವಿಲ್ಲದ ಬಾಯಿಮಾತೂ ಎರಡೂ ಈ ಆಜ್ಞೆಗೆ ಒಳಪಡುತ್ತವೆ. ಯೆಹೂದ್ಯರು ನಾಲ್ಕಕ್ಷರದ ದೇವನಾಮವನ್ನು ಉಚ್ಚರಿಸುವುದನ್ನೇ ಬಿಟ್ಟು, ಓದುವಾಗ ಅದರ ಸ್ಥಾನದಲ್ಲಿ ಕರ್ತನೆಂಬ ಅರ್ಥದ 'ಅದೋನಾಯ್' ಎಂಬ ಪದವನ್ನು ಹೇಳುತ್ತಾರೆ. ಕ್ರೈಸ್ತರು ಅಷ್ಟು ದೂರ ಹೋಗಲಿಲ್ಲ.

ಹೋಗದಿದ್ದುದಕ್ಕೆ ಕಾರಣವುಂಟು. 1529ರಲ್ಲಿ ಮಾರ್ಟಿನ್ ಲೂಥರನು ಗೃಹಸ್ಥರಿಗಾಗಿ ಬರೆದ ಕಿರಿಯ ಪ್ರಶ್ನೋತ್ತರಮಾಲೆಯು, ದೇವರ ಹೆಸರಿನಿಂದ ಶಪಿಸಬಾರದು, ಸುಳ್ಳಾಡಬಾರದು ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಎಲ್ಲ ಕಷ್ಟಗಳಲ್ಲಿಯೂ ಅದೇ ಹೆಸರನ್ನು ಹಿಡಿದು ಕೂಗಬೇಕೆಂದೂ ಕಲಿಸುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಮಾಲೆಯು, ಇತರರು ದೇವನಾಮವನ್ನು ಅವಮಾನಿಸುವಾಗ ಸುಮ್ಮನೆ ನೋಡುತ್ತ ನಿಂತವನೂ ಆ ಪಾಪದಲ್ಲಿ ಪಾಲುಗಾರನೆನ್ನುತ್ತದೆ. ಇದಕ್ಕೂ ಬಹು ಹಿಂದೆ, 1274ರ ಎರಡನೆಯ ಲಿಯೋನ್ ಮಹಾಸಭೆಯು, ಯೇಸುವಿನ ಹೆಸರು ಕಿವಿಗೆ ಬಿದ್ದಾಗ ತಲೆಬಾಗಬೇಕೆಂದು ವಿಧಿಸಿತ್ತು. ತಲೆಬಾಗಿ ಕೇಳಬೇಕಾದ ಹೆಸರನ್ನು ಕಾಲಿಗೆ ಕಲ್ಲು ತಾಗಿದಾಗ ಬೈಗುಳವಾಗಿ ಬಳಸುವುದು ಹೇಗೆ ಸರಿಯಾದೀತು?

ಕಾನೂನಿನಿಂದ ನಾಲಗೆಯನ್ನು ತಿದ್ದುವ ಯತ್ನವೂ ನಡೆಯಿತು. ಇಂಗ್ಲೆಂಡಿನಲ್ಲಿ 1606ರ ಶಾಸನವೊಂದು, ನಾಟಕದಲ್ಲಿ ದೇವರ ಅಥವಾ ಕ್ರಿಸ್ತನ ಹೆಸರನ್ನು ಹಾಸ್ಯಕ್ಕಾಗಿ ನುಡಿದವನಿಗೆ ಹತ್ತು ಪೌಂಡ್ ದಂಡ ವಿಧಿಸಿತು. ಷೇಕ್ಸ್‌ಪಿಯರನ ಒಥೆಲೊ ನಾಟಕದ 1622ರ ಮುದ್ರಣದಲ್ಲಿದ್ದ ಆಣೆಯ ಮಾತುಗಳಲ್ಲಿ ಅನೇಕವು 1623ರ ಮುದ್ರಣದಲ್ಲಿಲ್ಲ. 1745ರ ಮತ್ತೊಂದು ಶಾಸನವು ಕೂಲಿಯವನ ಒಂದು ಆಣೆಗೆ ಒಂದು ಷಿಲಿಂಗ್, ದೊಡ್ಡ ಮನುಷ್ಯನ ಆಣೆಗೆ ಐದು ಷಿಲಿಂಗ್ ಎಂದು ದರ ಕಟ್ಟಿತು. ಅದು ರದ್ದಾದದ್ದು 1967ರಲ್ಲಿ. ಫಲವೇನಾಯಿತು? ಜನರು ಆಣೆಯನ್ನು ಬಿಡಲಿಲ್ಲ, ರೂಪವನ್ನು ಬದಲಿಸಿದರು. 'ಗಾಡ್' ಎನ್ನುವ ಕಡೆ 'ಗಾಷ್', 'ಜೀಸಸ್' ಎನ್ನುವ ಕಡೆ 'ಜೀ' ಎಂಬ ಮರೆಮಾತುಗಳು ಬಳಕೆಗೆ ಬಂದವು. ಫ್ರೆಂಚರು ದೇವರೆಂಬ ಅರ್ಥದ 'ದ್ಯೂ' ಎಂಬುದನ್ನು ತೆಗೆದು ಅದಕ್ಕೆ ಪ್ರಾಸವಾಗುವ, ನೀಲಿಯೆಂಬ ಅರ್ಥದ 'ಬ್ಲ್ಯೂ' ಎಂಬುದನ್ನಿಟ್ಟು 'ಪಾರ್‌ಬ್ಲ್ಯೂ' ಎಂದರು.

ಈ ಮರೆಮಾತುಗಳ ವಿಷಯದಲ್ಲಿ ಕ್ರೈಸ್ತರಲ್ಲಿಯೇ ಎರಡು ಮತಗಳಿವೆ. ಮುಸುಕು ಹಾಕಿದರೂ ಒಳಗಿರುವುದು ಅದೇ ಹೆಸರಾದ್ದರಿಂದ ಇವೂ ಕೂಡವೆಂದು ಕೆಲವರು ಹೇಳುವರು. ಆಡುವವನ ಮನಸ್ಸಿನಲ್ಲಿ ಆ ಹೆಸರೇ ಇಲ್ಲವಾದ್ದರಿಂದ ದೋಷವಿಲ್ಲವೆಂದು ಮತ್ತೆ ಕೆಲವರು ವಾದಿಸುವರು. ಮರೆಮಾತನ್ನು ಹುಟ್ಟಿಸಿದವನಿಗೆ ಕನಿಷ್ಠಪಕ್ಷ ಅಂಜಿಕೆಯಿತ್ತೆಂದು ನಮಗೆ ತೋರುತ್ತದೆ. ಅಂಜಿಕೆಯೂ ಇಲ್ಲದೆ ಹೆಸರನ್ನೇ ಎಸೆಯುವ ಅಭ್ಯಾಸ ಅದಕ್ಕಿಂತ ಕೆಟ್ಟದ್ದು. ಈಗಿನ ಮಕ್ಕಳು ಇಂಗ್ಲಿಷ್ ಚಲಚ್ಚಿತ್ರಗಳಿಂದ ಕಲಿತು, ಅಂಗಡಿಯ ಹೊಸ ಬಟ್ಟೆಗೂ ಆಟದ ಗೆಲವಿಗೂ 'ಓ ಮೈ ಗಾಡ್' ಎನ್ನುತ್ತಾರೆ. ಕೈಫೋನಿನಲ್ಲಿ ಅದು 'ಓಎಂಜಿ' ಎಂಬ ಮೂರೇ ಅಕ್ಷರಗಳಾಗಿ ಸವೆದುಹೋಗಿದೆ.

ಆದರೆ ಎಲ್ಲ ಕೂಗೂ ವ್ಯರ್ಥವಲ್ಲ. ನೀರಿನಲ್ಲಿ ಮುಳುಗತೊಡಗಿದ ಪೇತ್ರನು ಯೇಸುವನ್ನು ಕೂಗಿಕೊಂಡದ್ದು ಒಂದು ಚಿಕ್ಕ ಮಾತಿನಲ್ಲಿ. ಅದು ಉದ್ಗಾರವೂ ಹೌದು, ಪ್ರಾರ್ಥನೆಯೂ ಹೌದು. 70ನೆಯ ಕೀರ್ತನೆಯ ಆರಂಭದಲ್ಲಿರುವ ಮೊರೆಯನ್ನು ಸುಖದುಃಖಗಳೆರಡರಲ್ಲಿಯೂ ಬಿಡದೆ ಹೇಳಿಕೊಳ್ಳುವ ಕ್ರಮವನ್ನು ಐದನೆಯ ಶತಮಾನದ ಜಾನ್ ಕ್ಯಾಸಿಯನನ ಗ್ರಂಥವು ಬೋಧಿಸುತ್ತದೆ. ಯೇಸು, ಮರಿಯ, ಯೋಸೇಫ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಕರೆಯುವುದು ಕಥೋಲಿಕರಲ್ಲಿ ರೂಢಿಯಾದ ಕಿರುಪ್ರಾರ್ಥನೆ. ಸ್ಪೇನಿನಲ್ಲಿ ಒಬ್ಬನು ಸೀನಿದರೆ ಪಕ್ಕದವನು ಯೇಸುವಿನ ಹೆಸರನ್ನು ಹರಕೆಯಾಗಿ ನುಡಿಯುತ್ತಾನೆ. ಹೀಗಿರಲು, ಮಗುವಿನ ಜ್ವರ ಏರಿದ ರಾತ್ರಿ "ದೇವರೇ" ಎಂದ ತಾಯಿಯನ್ನು ಆಜ್ಞೆ ಮೀರಿದವಳೆನ್ನುವುದು ಅನ್ಯಾಯ. ಆಜ್ಞೆಯಿರುವುದು ಹೆಸರನ್ನು ಕಾಯುವುದಕ್ಕೆ. ಕೂಗುವ ಬಾಯಿಯನ್ನು ಮುಚ್ಚುವುದಕ್ಕಲ್ಲ.

ಹಿರಿಯರು ತಮ್ಮನ್ನೂ ನೋಡಿಕೊಳ್ಳಬೇಕು. ಮಗುವಿನ ಉದ್ಗಾರಕ್ಕೆ ಗದರುವ ಗೃಹಸ್ಥನು ವ್ಯಾಪಾರದಲ್ಲಿ ಸುಳ್ಳು ಲೆಕ್ಕಕ್ಕೆ "ದೇವರಾಣೆ" ಹಾಕಿದರೆ, ಆಜ್ಞೆಯನ್ನು ಹೆಚ್ಚಾಗಿ ಮೀರಿದವನು ಅವನೇ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸುವು ಆಣೆಯನ್ನೇ ಬಿಟ್ಟು, ಹೌದಾದುದನ್ನು ಹೌದೆಂದೂ ಅಲ್ಲವಾದುದನ್ನು ಅಲ್ಲವೆಂದೂ ಹೇಳಿರೆಂದು ಬೋಧಿಸಿದನು. ಇದನ್ನು ಅಕ್ಷರಶಃ ಹಿಡಿದ ಕ್ವೇಕರರು ನ್ಯಾಯಾಲಯದಲ್ಲಿಯೂ ಆಣೆಯಿಡಲೊಪ್ಪದೆ ಸೆರೆ ಅನುಭವಿಸಿದರು. 1695ರ ಶಾಸನವು ಅವರಿಗೆ ಆಣೆಯಿಲ್ಲದ ದೃಢವಚನವನ್ನು ಅನುಮತಿಸಿತು. ನಮ್ಮ ದೇಶದ 1969ರ ಪ್ರಮಾಣಗಳ ಶಾಸನದಲ್ಲಿಯೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಬದಲು ದೃಢವಚನ ನೀಡಲು ಅವಕಾಶವಿದೆ.

ಮನೆಯಲ್ಲಿ ಏನು ಮಾಡಬೇಕು? ಗದರಿದರೆ ಮಗು ಹಿರಿಯರ ಮುಂದೆ ಮಾತ್ರ ಸುಮ್ಮನಿರುವುದು. "ನೀನು ಈಗ ಯಾರನ್ನು ಕರೆದೆ? ಅವರು ಬಂದರೆ ಏನು ಕೇಳುವೆ?" ಎಂದು ಮೆಲ್ಲಗೆ ಕೇಳುವುದು ಮೇಲು. ಉತ್ತರವಿದ್ದರೆ ಅದು ಪ್ರಾರ್ಥನೆ. ಇಲ್ಲದಿದ್ದರೆ ಮಗುವಿಗೇ ತಿಳಿಯುತ್ತದೆ. ಅಚ್ಚರಿಗೆ 'ಅಬ್ಬಾ', ನೋವಿಗೆ 'ಅಯ್ಯೋ', ಮೆಚ್ಚಿಗೆಗೆ 'ಭಲೆ' ಎಂಬ ಮಾತುಗಳು ಕನ್ನಡದಲ್ಲಿ ಧಾರಾಳವಾಗಿವೆ. ನೆರೆಮನೆಯವರ ದೇವರ ಹೆಸರನ್ನು ಹಾಸ್ಯಕ್ಕೆಳೆಯಬಾರದೆಂಬುದನ್ನೂ ಇದರೊಡನೆಯೇ ಕಲಿಸಬೇಕು. ಒಂದು ದಿನ ಆ ಮಗುವಿಗೂ ಯಾರೂ ಹತ್ತಿರವಿಲ್ಲದ ಗಳಿಗೆ ಬರುವುದು. ಆಗ ಕರೆಯಬೇಕಾದ ಹೆಸರು ಅದರ ಬಾಯಲ್ಲಿ ಸವೆದು ಅರ್ಥಗೆಟ್ಟಿರಬಾರದು.