ನಳ ಬಂದಿತು; ನೀರಿನ ಹೊಣೆ ಯಾರದು?

ಬಾಯಾರಿದವನಿಗೆ ನೀರು ಕೊಡುವದು ಪುಣ್ಯಕಾರ್ಯವೆಂದು ಬಗೆದು ನಮ್ಮ ಹಿರಿಯರು ಕೆರೆ ಕಟ್ಟಿಸಿದರು, ಅರವಟ್ಟಿಗೆ ಇಡಿಸಿದರು. ಇಂದು ಆ ಪುಣ್ಯವು ಸರಕಾರದ ಕರ್ತವ್ಯವಾಗಿದೆ. ಹಳ್ಳಿಯ ಪ್ರತಿಯೊಂದು ಮನೆಗೆ ನಳದ ಮೂಲಕ, ತಲೆಗೆ ದಿನಕ್ಕೆ 55 ಲೀಟರಿನಂತೆ ನೀರೊದಗಿಸುವ ಜಲ ಜೀವನ ಯೋಜನೆಯನ್ನು ಕೇಂದ್ರ ಸರಕಾರವು 2019ನೆಯ ಇಸವಿಯಲ್ಲಿ ಸಾರಿತು. ಕರ್ನಾಟಕದಲ್ಲಿ ಅದು ‘ಮನೆ ಮನೆಗೆ ಗಂಗೆ’ ಎನಿಸಿಕೊಂಡಿತು. ವೆಚ್ಚದಲ್ಲಿ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಆರಂಭದಲ್ಲಿ ದೇಶದ 3 ಕೋಟಿ 23 ಲಕ್ಷ ಹಳ್ಳಿಮನೆಗಳಿಗಷ್ಟೇ ಇದ್ದ ನಳವು, ಸರಕಾರದ ಲೆಕ್ಕದಂತೆ, 2025ರ ಹೊತ್ತಿಗೆ 15 ಕೋಟಿಗೂ ಮಿಕ್ಕಿದ ಮನೆಗಳನ್ನು ಮುಟ್ಟಿತು. ಈ ಸಾಧನೆಯನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ.

ಆದರೆ ನಳ ಕೂಡಿಸುವದು ಬೇರೆ, ನೀರು ಹರಿಸುವದು ಬೇರೆ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು? ಗುತ್ತಿಗೆದಾರನು ಹೊರಟುಹೋದ ಮೇಲೆ ಪಂಪಿನ ವಿದ್ಯುತ್ ಬಿಲ್ಲು, ಒಡೆದ ಕೊಳವೆಯ ದುರಸ್ತಿ, ನೀರುಗಂಟಿಯ ಸಂಬಳ ಇವೆಲ್ಲವೂ ಗ್ರಾಮ ಪಂಚಾಯತಿಯ ಕೊರಳಿಗೆ ಬೀಳುವವು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದರೆ ಬರಿಗೊಡ ಹೊತ್ತ ಹೆಣ್ಣುಮಕ್ಕಳು ದಿಲ್ಲಿಗೆ ಹೋಗಲಾರರು. ಪಂಚಾಯತಿಯ ಬಾಗಿಲಿಗೇ ಬರುವರು. ಉತ್ತರ ಹೇಳಬೇಕಾದವರ ಕೈಯಲ್ಲಿ ಹಣವೂ ಅಧಿಕಾರವೂ ಇಲ್ಲದಿರುವದು ಎಲ್ಲಿಯ ನ್ಯಾಯ?

ನಿಯಮಗಳ ಕೊರತೆಯೇನೂ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಿಕೊಡಬಹುದಾದ ವಿಷಯಗಳಲ್ಲಿ ಕುಡಿಯುವ ನೀರನ್ನು ಸೇರಿಸಿದೆ. ಹಳ್ಳಿಗೊಂದು ನೀರಿನ ಸಮಿತಿಯಿರಬೇಕು, ಊರವರೇ ತಮ್ಮ ಊರಿನ ಯೋಜನೆ ಹಾಕಬೇಕು, ಐವರು ಹೆಣ್ಣುಮಕ್ಕಳು ನೀರಿನ ಪರೀಕ್ಷೆ ಕಲಿಯಬೇಕು ಎಂದು ಯೋಜನೆಯೇ ಹೇಳುತ್ತದೆ. ಇದು ಕಾಗದದಿಂದಿಳಿದು ಊರಿನ ಕಟ್ಟೆಗೆ ಬರತಕ್ಕದ್ದು.

2025ರ ಕೇಂದ್ರ ಮುಂಗಡಪತ್ರವು ಯೋಜನೆಯನ್ನು 2028ರ ವರೆಗೆ ಬೆಳೆಸುವದಾಗಿಯೂ, ನಿರ್ವಹಣೆಗೆ ಒತ್ತು ಕೊಟ್ಟು ರಾಜ್ಯಗಳೊಡನೆ ಒಪ್ಪಂದ ಮಾಡಿಕೊಳ್ಳುವದಾಗಿಯೂ ಸಾರಿತು. ಒಳ್ಳೆಯದೇ ಆಯಿತು. ಆದರೆ ಇಬ್ಬರ ಒಪ್ಪಂದದಲ್ಲಿ ಮೂರನೆಯವನ ಹೆಗಲಿಗೆ ಭಾರ ಹೊರಿಸುವದು ಸಲ್ಲದು. ಪಂಚಾಯತಿಗೆ ವರ್ಷವರ್ಷವೂ ಬರುವ ನಿರ್ವಹಣೆಯ ಹಣವೆಷ್ಟೆಂಬುದು ಒಪ್ಪಂದದಲ್ಲಿಯೇ ನಮೂದಾಗಬೇಕು. ಒಂದು ಬೇಸಿಗೆಯುದ್ದಕ್ಕೂ ನೀರು ಹರಿದದ್ದನ್ನು ಗ್ರಾಮಸಭೆಯು ಕಂಡು ಒಪ್ಪಿದ ಹೊರತು ಗುತ್ತಿಗೆದಾರನ ಕೊನೆಯ ಕಂತು ಸಲ್ಲಕೂಡದು.

ಜನರಿಗೂ ಹೊಣೆಯುಂಟು. ನೀರಿನ ಕರ ಕೊಡದೆ ನೀರು ಕೇಳುವದು ಒಪ್ಪುವ ಮಾತಲ್ಲ. ಅಕ್ಷರ ಬಲ್ಲವರು, ಅದರಲ್ಲಿಯೂ ಶಿಕ್ಷಕ ಬಂಧುಗಳು, ಗ್ರಾಮಸಭೆಗೆ ಹೋಗಿ ಜಮಾಖರ್ಚನ್ನು ಜನರಿಗೆ ಓದಿ ಹೇಳಲಿ. ದಿಲ್ಲಿ, ಬೆಂಗಳೂರು, ಹಳ್ಳಿ ಈ ಮೂರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರೆ ಮಾತ್ರ ಗಂಗೆಯು ಮನೆಗೆ ಬಂದಾಳು, ಬಂದು ನಿಂತಾಳು.